ಜರಿಯಂಚಿನ ಸೆಟ್ಟಿಂಗ್ಸ್

ಚಳ್ಳಕೆರೆಯ ತನ್ನ ಸ್ಟುಡಿಯೋದಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಲೇ ಸಂಗಮೇಶ್ ಮೊಬೈಲ್ ತೆರೆದ. ಅವನು ನಡೆಸುವ ಫೋಟೋಗ್ರಫಿ ಗ್ರೂಪಿನಲ್ಲಿ ಹದಿನೆಂಟು ಸಾವಿರ ಮಂದಿಯಿದ್ದರು. ಪ್ರತಿ ಚಿತ್ರದ ಕೆಳಗೂ ಕ್ಯಾಮೆರಾ ಸೆಟ್ಟಿಂಗ್ಸ್ ಬರೆಯಬೇಕೆಂದು ನಿಯಮ ಮಾಡಿದವನೂ ಅವನೇ. ಆದರೆ ತನ್ನ ಒಳ್ಳೆಯ ಚಿತ್ರಗಳಿಗೆ ಅವನು ಬರೆಯುತ್ತಿದ್ದದ್ದು ಸುಳ್ಳು ಅಂಕಿ. ಹೋದ ವಾರ ಹಾಕಿದ್ದ ರೇಷ್ಮೆ ಸೀರೆಯ ಚಿತ್ರವನ್ನು ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ಕ್ಯಾಮೆರಾ ಎಷ್ಟು ಬೆಳಕು ಹೀರಬೇಕೆಂದು ಹೇಳುವ ಐಎಸ್‌ಒ ಅಂಕಿಯನ್ನು ಇನ್ನೂರಿಟ್ಟು ತೆಗೆದಿದ್ದ. ಬರೆದದ್ದು ಮಾತ್ರ ಫ್ಲ್ಯಾಶ್, ಐಎಸ್‌ಒ ಮೂರು ಸಾವಿರದ ಇನ್ನೂರು!

ಅವತ್ತು ಮೊಳಕಾಲ್ಮೂರಿನ ಶ್ರುತಿ ಎಂಬವಳ ಮೆಸೇಜ್ ಬಂದಿತ್ತು. "ಸರ್, ನಾವು ನೇಕಾರರು. ದೊಡ್ಡ ಅಂಗಡಿಯೋರು ನಮ್ಮ ಓಣಿಯ ಎಂಟು ಮಗ್ಗದ ಸೀರೆಗಳ ಫೋಟೋ ಶನಿವಾರದೊಳಗೆ ಕೇಳ್ಯಾರೆ. ನಿಮ್ಮ ಸೆಟ್ಟಿಂಗ್ಸ್ ಇಟ್ರೆ ಜರಿಯೆಲ್ಲ ಬೆಳ್ಳಗಾಗ್ತೈತೆ. ನನ್ನ ತಪ್ಪು ಎಲ್ಲೈತೆ ಹೇಳ್ತೀರಾ?"

'ಪ್ರಾಕ್ಟೀಸ್ ಮಾಡಮ್ಮ' ಎಂದು ಉತ್ತರಿಸಿದ. ಪಕ್ಕದಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಿದ್ದ ಹೆಂಡತಿ ಸರ್ವಮಂಗಳ ಅದನ್ನು ಓದಿದಳು.

"ಹತ್ತು ವರ್ಷ ಒದ್ದಾಡಿ ಕಲ್ತಿದ್ದು ಕಣೆ. ಕೇಳಿದೋರಿಗೆಲ್ಲ ಕೊಡ್ಬೇಕಾ?"

"ಕೊಡಬ್ಯಾಡ್ರಿ. ಸುಳ್ಳು ಯಾಕೆ ಕೊಟ್ರಿ?"

ಸಂಗಮೇಶ್ ಅರ್ಧ ಉಂಡ ಬುತ್ತಿಗೆ ಮುಚ್ಚಳ ಹಾಕಿ ಎದ್ದ.

ಅತ್ತ ಮೊಳಕಾಲ್ಮೂರಿನಲ್ಲಿ ಶ್ರುತಿಯ ತಂದೆ ಸೂರಪ್ಪ ಮಗ್ಗದಿಂದೆದ್ದು ಬಂದು, "ಎರವಲು ತಂದ ಆ ಹಳೇ ಕ್ಯಾಮೆರಾ ವಾಪಸ್ ಕೊಟ್ಟು ಬಾ. ಇದು ನಮ್ಮಂಥೋರ ಕೈಲಿ ಆಗೋ ಕೆಲಸಲ್ಲ" ಎಂದ.

"ಇನ್ನೊಂದೇ ದಿನ, ನಾಯನಾ."

ಅವಳು ಫ್ಲ್ಯಾಶ್ ಆಫ್ ಮಾಡಿ ಕಿಟಕಿ ತೆರೆದಳು. ಒಂದೊಂದೇ ಅಂಕಿ ಇಳಿಸುತ್ತಾ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅರವತ್ಮೂರನೆಯ ಚಿತ್ರದಲ್ಲಿ ಜರಿ ಎಳೆಎಳೆಯಾಗಿ ಹೊಳೆಯಿತು. ಸೂರಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಇದು ನಾ ನೇಯ್ದಿದ್ದೇನಾ!" ಎಂದ.

ಅದೇ ಅಂಕಿಗಳಲ್ಲಿ ತೆಗೆದು ಕಳಿಸಿದ ಚಿತ್ರಗಳನ್ನು ನೋಡಿ ಶುಕ್ರವಾರವೇ ಅಂಗಡಿಯವರು ಎಂಟೂ ಮಗ್ಗಗಳ ಸೀರೆಗಳನ್ನು ಒಪ್ಪಿದರು. ಅದೇ ಖುಷಿಯಲ್ಲಿ ಶ್ರುತಿ ಆ ಅರವತ್ಮೂರನೆಯ ಚಿತ್ರವನ್ನು ಗ್ರೂಪಿಗೆ ಹಾಕಿ, ಕೆಟ್ಟುಹೋದ ಅರವತ್ತೆರಡರ ಅಂಕಿಗಳನ್ನೂ ಸೇರಿಸಿ ಎಲ್ಲವನ್ನೂ ಬರೆದಳು. 'ಸಂಗಮೇಶ್ ಸರ್ ಚಿತ್ರ ನೋಡಿಯೇ ನನಗೆ ಆಸೆ ಹುಟ್ಟಿದ್ದು. ಅವರ ಸೆಟ್ಟಿಂಗ್ಸ್ ಒಗ್ಗಲಿಲ್ಲ, ಅವರಲ್ಲಿ ಬೆಳಕು ಬೇರೆ ಇತ್ತೇನೋ' ಎಂದು ಕೊನೆಗೆ ಸೇರಿಸಿದ್ದಳು. ಸಂಜೆಯೊಳಗೆ ಎಲ್ಲೆಲ್ಲಿಂದಲೋ ಜನ ಅವಳ ಅಂಕಿಗಳಿಂದ ತೆಗೆದ ಚಿತ್ರಗಳನ್ನು ಹಾಕತೊಡಗಿದರು.

ಸಂಗಮೇಶ್ ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದ. ಅವಳನ್ನು ಗ್ರೂಪಿನಿಂದ ತೆಗೆದುಹಾಕುವುದು ಒಂದು ಬೆರಳಿನ ಕೆಲಸ. ಅವನು ಬೇರೆಯದನ್ನೇ ಟೈಪ್ ಮಾಡಿದ: 'ಬೆಳಕು ಬೇರೆ ಇರಲಿಲ್ಲಮ್ಮ. ನಾನು ಬರೆದದ್ದೇ ಸುಳ್ಳು.' ಆಮೇಲೆ ತನ್ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆದು ನಿಜವಾದ ಅಂಕಿ ಬರೆಯುತ್ತಾ ಹೋದ. ಬೈದವರ ಕಾಮೆಂಟುಗಳನ್ನು ಅಳಿಸಲಿಲ್ಲ.

ಭಾನುವಾರ ಗಂಡಹೆಂಡತಿ ಮೊಳಕಾಲ್ಮೂರಿಗೆ ಹೋದಾಗ, ಸೂರಪ್ಪನ ಜಗಲಿಯಲ್ಲಿ ಓಣಿಯ ಹೆಂಗಸರೆಲ್ಲ ಮೊಬೈಲ್ ಹಿಡಿದು ಕೂತಿದ್ದರು. ಶ್ರುತಿ ಪಾಠ ಮಾಡುತ್ತಿದ್ದಳು. ಸಂಗಮೇಶ್‌ನನ್ನು ಕಂಡು ಎದ್ದು ನಿಂತು, "ನೀವೇ ಹೇಳಿಕೊಡ್ರಿ ಸರ್" ಎಂದಳು.

"ನೀನೇ ಹೇಳಮ್ಮ. ನಾನು ಏನು ಮಾಡ್ಲಿ, ಅದನ್ನ ಹೇಳು."

ಅವಳು ಒಂದು ಬಿಳಿ ಪಂಚೆ ಕೊಟ್ಟು ಬಿಸಿಲಿಗೆ ಎದುರಾಗಿ ನಿಲ್ಲಿಸಿದಳು. ಅವನು ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಬಿಸಿಲು ಪಂಚೆಗೆ ಬಡಿದು, ಜಗಲಿಯಲ್ಲಿ ಹರವಿದ್ದ ಸೀರೆಯ ಸೆರಗಿನ ಮೇಲೆ ಚೆಲ್ಲಿತು.

"ಇನ್ನೊಂಚೂರು ಮ್ಯಾಲಕ್ಕೆ ಸರ್!"

ಹದಿನೆಂಟು ಸಾವಿರ ಮಂದಿಯ ಗ್ರೂಪಿನ ಯಜಮಾನ ತುದಿಗಾಲಲ್ಲಿ ನಿಂತು ಪಂಚೆಯನ್ನು ಮೇಲಕ್ಕೆತ್ತಿದ. ಜಗಲಿಯ ತುಂಬ ಒಟ್ಟಿಗೇ ಕ್ಲಿಕ್ ಕ್ಲಿಕ್ ಸದ್ದಾಯಿತು.