ನನ್ನ ಹೆಸರಿನ ಲಸಿಕೆ

ಕೊರೊನಾ ಲಸಿಕೆಯ ಸರ್ಟಿಫಿಕೇಟ್ ಇಲ್ಲದವರನ್ನು ಮೀನಿನ ಬೋಟಿಗೆ ಹತ್ತಿಸುವುದಿಲ್ಲವೆಂದು ಮಾಲೀಕರು ಹೇಳಿದ ದಿನ, ನನ್ನ ಆಧಾರ್ ಕಾರ್ಡ್ ಹಿಡಿದು ತ್ರಾಸಿಯ ಕ್ಯಾಂಪಿಗೆ ಹೋದವನು ನನ್ನ ತಮ್ಮ ಸೂರ. ನನಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ಅವನು ಸೂರನೂ ಹೌದು, ಶೂರನೂ ಹೌದು. ಆಧಾರಿನ ಫೋಟೋದಲ್ಲಿ ನಾನು ನನ್ನ ಹಾಗಿರಲಿಲ್ಲ. ಮಾಸ್ಕು ಹಾಕಿದ ಮೇಲೆ ಯಾರೂ ಯಾರ ಹಾಗೂ ಇರಲಿಲ್ಲ. ನರ್ಸ್ "ಶೇಖರ" ಎಂದು ಕರೆದಾಗ ನನ್ನದೇ ಕೆಮ್ಮು ಕೆಮ್ಮಿ, ನನ್ನ ಹಾಗೇ ಕಾಲೆಳೆದು ನಡೆದನಂತೆ.

"ಸೂಜಿ ನಿಂದ್, ಕೈ ನಂದ್. ನೋವ್ ಯಾರದ್ದ್ ಅಣ್ಣ?" ಎಂದು ನಕ್ಕ, ವಾಪಸ್ ಬಂದ ಮೇಲೆ.

ಒಂಬತ್ತನೆಯ ದಿನ ಅವನಿಗೆ ತಲೆನೋವು ಶುರುವಾಯಿತು. ಮೂರು ದಿನ ಮಾತ್ರೆ ನುಂಗಿದ. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಗೆ ಒಯ್ಯುವಾಗ ಸಾಸ್ತಾನದ ಟೋಲಿನಲ್ಲಿ ವಾಂತಿ ಮಾಡಿಕೊಂಡವನು ಆಮೇಲೆ ಕಣ್ಣು ಬಿಡಲಿಲ್ಲ.

ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದಾರಾ ಎಂದು ಕೇಳಿದರು.

"ಇಲ್ಲೆ ಡಾಕ್ಟ್ರೇ, ಇವ್ರ್ ಇನ್ನೂ ಹಾಕ್ಸ್ಕಣ್ಲಿಲ್ಲೆ" ಎಂದಳು ಅವನ ಹೆಂಡತಿ ಪೂಜಿತಾ. ಅವಳಿಗೆ ನಾವು ಹೇಳಿರಲಿಲ್ಲ. ಹೇಳಿದರೆ ಪೊಲೀಸು, ಬೋಟು, ಮಾಲೀಕರು ಎಂದೆಲ್ಲ ಲೆಕ್ಕ ಹಾಕುತ್ತ ನಾನೂ ಸುಮ್ಮನಿದ್ದೆ. ಹೆಪ್ಪು ಕರಗಲೆಂದು ಮಾಮೂಲಿ ಇಂಜೆಕ್ಷನ್ ಶುರು ಮಾಡಿದರು.

ಮರುದಿನ ಮಧ್ಯಾಹ್ನ ಡಾಕ್ಟರು ರಿಪೋರ್ಟು ಹಿಡಿದು ಬಂದರು. ಮೊದಲೇ ಕಡಿಮೆಯಿದ್ದ ಪ್ಲೇಟ್‌ಲೆಟ್ ಇನ್ನೂ ಇಳಿದಿತ್ತು. ಲಸಿಕೆಯ ನಂತರ ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯ ಹಾಗೇ ಕಾಣುತ್ತಿದೆ, ಆದರೆ ಇವರು ಹಾಕಿಸಿಕೊಂಡಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

"ಹಾಕ್ಸ್ಕಂಡಿದ. ನನ್ನ್ ಹೆಸ್ರಲ್ಲಿ" ಎಂದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಓಡಿ ಆ ಇಂಜೆಕ್ಷನ್ ನಿಲ್ಲಿಸಿದರು. ಈ ಕಾಯಿಲೆಗೆ ಅದನ್ನು ಕೊಡಬಾರದಂತೆ, ಕೊಟ್ಟರೆ ಹೆಚ್ಚಾಗಬಹುದಂತೆ. ಬೇರೆ ಔಷಧಿಯ ಬಾಟಲಿ ಏರಿಸಿದರು. ಉಳಿದ ಬಾಟಲಿಗಳು ಮಂಗಳೂರಿನಿಂದ ಬರಬೇಕು. ಎರಡು ದಿನ ಕಳೆಯದೆ ಏನೂ ಹೇಳುವ ಹಾಗಿಲ್ಲ. ಒಂದು ದಿನ ಮೊದಲೇ ಗೊತ್ತಾಗಿದ್ದರೆ ಎಂದು ನಾನು ಕೇಳಿದೆ. ಅವರು ಮಂಗಳೂರಿಗೆ ಫೋನ್ ಹಚ್ಚುತ್ತ ಒಳಗೆ ಹೋದರು.

ಪೂಜಿತಾ ನನ್ನ ಮುಖ ನೋಡಲಿಲ್ಲ. "ನಿನ್ನೆ ಡಾಕ್ಟ್ರ್ ಲಸಿಕೆ ವಿಷ್ಯ ಕೇಂಬತಿಗೆ ನೀವ್ ಇಲ್ಲೇ ಇದ್ರಿ ಅಲ್ದಾ ಭಾವ?"

ಇದ್ದೆ, ಇದೇ ಬೆಂಚಿನ ಮೇಲೆ.

ಅವಳು ಎದ್ದು ಐಸಿಯುವಿನ ಗಾಜಿನ ಬಾಗಿಲಿಗೆ ಹಣೆಯೊತ್ತಿ ನಿಂತಳು. ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ನಾನು ಏಳಲಿಲ್ಲ. ಕುಳಿತಲ್ಲಿಂದ ತಮ್ಮ ಕಾಣುತ್ತಿರಲಿಲ್ಲ, ಬಾಟಲಿ ಮಾತ್ರ ಕಾಣುತ್ತಿತ್ತು. ಅದರಿಂದ ಒಂದೊಂದೇ ಹನಿ ಇಳಿಯುತ್ತಿತ್ತು.