ಭಾನುವಾರದ ಬೇಸ್‌ಲೈನ್

ಹಿಮಾಯತ್‌ನಗರದಲ್ಲಿ ನಾನು ಚುಚ್ಚದ ತೋಳಿಲ್ಲ. ಹದಿನಾರು ವರ್ಷದಲ್ಲಿ ನಾನು ತೆಗೆದ ರಕ್ತವನ್ನೆಲ್ಲ ಒಂದೆಡೆ ಸುರಿದಿದ್ದರೆ ಹುಸೇನ್ ಸಾಗರ ಕೆರೆ ತುಂಬಿ ಟ್ಯಾಂಕ್ ಬಂಡ್ ಮೇಲೆ ಹರಿಯುತ್ತಿತ್ತು. ಕಣ್ಣು ಮುಚ್ಚಿ ಸೂಜಿ ಬಿಟ್ಟರೂ ಅದು ತಾನಾಗಿ ನರ ಹುಡುಕಿಕೊಂಡು ಹೋಗುತ್ತದೆ. ನೋವಾಯಿತೆನ್ನಲು ನೀವು ಬಾಯಿ ತೆರೆಯುವಷ್ಟರಲ್ಲಿ ಈ ವಿನಾಯಕ ಹತ್ತಿ ಒತ್ತಿ ಮುಂದಿನವನನ್ನು ಕರೆದಿರುತ್ತಾನೆ.

ಹಾಗಾಗಿ 2003ರ ಆ ಭಾನುವಾರ ಗುತ್ತಿಗೆದಾರ ಪದ್ಮನಾಭ ನಲವತ್ತು ಜನರನ್ನು ಲಾರಿಯಲ್ಲಿ ತುಂಬಿಕೊಂಡು ನಮ್ಮ ಲ್ಯಾಬಿಗೆ ಬಂದಾಗ ನನಗೆ ಹಬ್ಬ. ಆಗ ಕೊಂಡಾಪುರದಲ್ಲಿ ನೀವು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಒಂದು ಕಂಪ್ಯೂಟರ್ ಕಂಪನಿ ಏಳುತ್ತಿತ್ತು. ಆ ಕಟ್ಟಡಗಳ ಪಾಯಕ್ಕೆ ಗೆದ್ದಲು ಹತ್ತದಂತೆ ಔಷಧ ಹೊಡೆಯುವವರು ಈ ನಲವತ್ತು ಜನ. ಕಟ್ಟಿಸುತ್ತಿದ್ದ ಪರದೇಶದ ಕಂಪನಿ ಷರತ್ತು ಹಾಕಿತ್ತು: ಔಷಧ ಮುಟ್ಟುವ ಮೊದಲು ಒಮ್ಮೆ ರಕ್ತ ಪರೀಕ್ಷೆ, ಅದು ಬೇಸ್‌ಲೈನ್. ಆಮೇಲೆ ತಿಂಗಳಿಗೊಮ್ಮೆ ರಕ್ತ, ಮೂತ್ರ ಎರಡೂ. ಕೀಟನಾಶಕ ಮೈಗೆ ಹೊಕ್ಕಷ್ಟೂ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವ ಇಳಿಯುತ್ತದೆ. ಬೇಸ್‌ಲೈನಿಗಿಂತ ನೂರಕ್ಕೆ ಮೂವತ್ತು ಇಳಿದವನನ್ನು ಔಷಧದ ಪಂಪು ಬಿಡಿಸಿ ಬೇರೆ ಕೆಲಸಕ್ಕೆ ಹಾಕಬೇಕು.

ಫಾರಮ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ಕೊನೆಯ ಸಲ ಔಷಧ ಹೊಡೆದು ಎಷ್ಟು ದಿನವಾಯಿತು? ಬೇಸ್‌ಲೈನಿಗೆ ಮೂವತ್ತು ದಿನವಾದರೂ ಕಳೆದಿರಬೇಕಿತ್ತು. ನಲವತ್ತು ಜನರನ್ನೂ ಕೇಳುತ್ತ ಕೂತರೆ ನನ್ನ ವೇಗದ ಗತಿಯೇನು? ಹಿಂದಿನ ದಿನವೇ ಎಲ್ಲ ಫಾರಮ್ಮುಗಳಲ್ಲೂ ‘ಮೂವತ್ತು’ ಎಂದು ಬರೆದಿಟ್ಟುಕೊಂಡಿದ್ದೆ. ಐವತ್ತೆಂಟು ನಿಮಿಷಕ್ಕೆ ನಲವತ್ತು ತೋಳು! ಲಂಡನ್ನಿನಲ್ಲೋ ಜಪಾನಿನಲ್ಲೋ ಯಾರಾದರೂ ಮಾಡಿದ್ದರೆ ಬರಲಿ, ನೋಡೋಣ.

ಮೊದಲೆರಡು ತಿಂಗಳು ಎಲ್ಲರ ಅಂಕಿಯೂ ಬೇಸ್‌ಲೈನಿಗೆ ಅಂಟಿಕೊಂಡಿತ್ತು. ಪದ್ಮನಾಭ ನನಗೆ ಶಾಲು ಹೊದಿಸುವುದೊಂದು ಬಾಕಿ. ಮೂರನೇ ತಿಂಗಳು ಆ ನಲವತ್ತರಲ್ಲಿ ಒಬ್ಬನಾದ ರಾಯಚೂರು ಕಡೆಯ ಅಮರಯ್ಯ ಹೆಂಡತಿ ಗಂಗೂಬಾಯಿಯನ್ನು ಕರೆದುಕೊಂಡೇ ಬಂದ. ಅಂಗಿಯ ತೋಳು ಮಡಿಸಲು ಅವನ ಬೆರಳು ಬಗ್ಗುತ್ತಿರಲಿಲ್ಲ.

“ಕೈ ನಡಗ್ತಾವ್ರಿ ಸಾಹೇಬ್ರ. ಕಣ್ಣು ಮಬ್ಬು. ಬಾಯಾಗ ಸುಮ್ಮನ ನೀರು ಬರ್ತಾವ. ನನಗ ಈ ಪಂಪು ಬಿಡಸ್ರಿ.”

“ಕುಡದ್ರ ಮತ್ತೇನಾಗ್ತೈತಿ?” ಎಂದಳು ಗಂಗೂಬಾಯಿ.

“ನಿನ್ನಾಣಿ, ಮುಟ್ಟಿಲ್ಲ ನಾ.”

“ಎರಡು ತಿಂಗಳದ ಕಾಗದ ಹೇಳಾಕತ್ತೈತಿ, ರಕ್ತ ಛಲೋ ಐತಿ ಅಂತ. ಔಷಧದ್ದಲ್ಲಂದ್ರ ಸೆರೇದ! ಮಗಳ ಮುಂದ ಬಟ್ಟಲಾ ಹಿಡಿಯಾಕ ಬರವಲ್ದು ಇವಗ. ನೀವರ ಖರೇ ಹೇಳ್ರಿ ಸಾಹೇಬ್ರ.”

ಅಮರಯ್ಯ ನನ್ನ ಮುಖವನ್ನೇ ನೋಡುತ್ತಿದ್ದ. ರಕ್ತ ತೆಗೆದು ಯಂತ್ರಕ್ಕಿಟ್ಟೆ. ನಾಲ್ಕು ಸಾವಿರದ ಒಂಬೈನೂರು. ಬೇಸ್‌ಲೈನ್ ಐದು ಸಾವಿರ. ಕಾಗದದ ಪ್ರಕಾರ ಕುಸ್ತಿ ಹಿಡಿಯಬಲ್ಲ ಗಂಡಸು.

ಆಗ, ನನ್ನ ಜೀವಮಾನದಲ್ಲಿ ಮೊದಲ ಸಲ, ಆ ಪ್ರಶ್ನೆ ಕೇಳಿದೆ.

“ಅಮರಯ್ಯ, ಆ ಭಾನುವಾರ ಬಂದಿದ್ರಲ್ಲ, ಅದಕ್ಕ ಮೊದಲ ಔಷಧ ಹೊಡದು ಎಷ್ಟು ದಿನ ಆಗಿತ್ತು?”

“ಶನಿವಾರ ಸಂಜಿಕ ಹೊಡದಿದ್ದೆನ್ರಿ. ಅದಕ್ಕ ಮೊದಲ ಎರಡು ತಿಂಗಳು, ದಿನಾ.”

ಆ ಭಾನುವಾರದ ಅವನ ಫಾರಮ್ಮು ತೆಗೆದು ನೋಡಿದೆ: ನನ್ನದೇ ಅಕ್ಷರದಲ್ಲಿ ‘ಮೂವತ್ತು’. ವಿಷ ತುಂಬಿದ ರಕ್ತವನ್ನೇ ಆರೋಗ್ಯವೆಂದು ಬರೆದಿಟ್ಟು, ತಿಂಗಳು ತಿಂಗಳು ಅದಕ್ಕೇ ಹೋಲಿಸುತ್ತಿದ್ದೆವು. ಇವನ ಅಸಲಿ ಅಂಕಿ ಒಂಬತ್ತು ಸಾವಿರವೋ, ಹತ್ತೋ, ದೇವರಿಗೇ ಗೊತ್ತು. ಅದು ತಿಳಿಯಬೇಕಾದರೆ ಒಂದು ತಿಂಗಳಾದರೂ ಔಷಧದಿಂದ ದೂರ ಇರಬೇಕು. ದೂರ ಇರಲು ಅಂಕಿ ಇಳಿದಿರಬೇಕು. ಅಂಕಿ ಇಳಿದಿಲ್ಲ.

ಯಂತ್ರ ತೋರಿಸಿದ್ದನ್ನು ರಿಜಿಸ್ಟರಿಗೆ ಬರೆಯುವವನು ನಾನೇ. ಎರಡು ಸಾವಿರದ ಒಂಬೈನೂರು ಎಂದು ಬರೆದೆ. ನನ್ನಷ್ಟು ಚೆಂದವಾಗಿ ಸುಳ್ಳು ಬರೆಯುವವರು ನಿಜಾಮನ ದಫ್ತರಿನಲ್ಲೂ ಇದ್ದಿರಲಾರರು. “ಔಷಧದ್ದ ಐತಿ ತಾಯಿ, ಇವ ಕುಡದಿಲ್ಲ” ಎಂದೆ. ಗಂಗೂಬಾಯಿ ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಅವನು ಅಲ್ಲೇ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತ.

ಪದ್ಮನಾಭ ಷರತ್ತು ಮೀರಲಿಲ್ಲ. ಮರುದಿನವೇ ಪಂಪು ಬಿಡಿಸಿದ. ಒಂದು ತಿಂಗಳು ನಾನು ಎದೆಯುಬ್ಬಿಸಿ ನಡೆದ ಅಬ್ಬರಕ್ಕೆ ಅಂಗಿಯ ಗುಂಡಿಗಳು ಕಿತ್ತು ಎದುರಿನವರ ಕಣ್ಣಿಗೆ ಬಡಿಯುತ್ತಿದ್ದವು.

ಮುಂದಿನ ಪರೀಕ್ಷೆಗೆ ಗಂಡಹೆಂಡತಿ ಪೇಢೆ ಹಿಡಿದು ಬಂದರು.

“ನೆರಳಾಗ ಕೂಡೋ ಕೆಲಸ ಕೊಟ್ಟಾರ್ರಿ, ಗೋದಾಮಿನ್ಯಾಗ,” ಎಂದ ಅಮರಯ್ಯ.

“ಏನು ಕೆಲಸ?”

“ಡ್ರಮ್ಮಿನಾಗಿಂದ ಔಷಧ ಅಳದು ಡಬ್ಬಿಗೆ ಹಾಕೋದು. ನೀರು ಬೆರಸಿದ್ದಲ್ರಿ, ಅಸಲಿ.”

“ಕಿಟಕಿ ಅದಾವೇನು?”

“ಕಳ್ಳರ ಕಾಟ ಅಂತ ಇಟ್ಟಂಗಿ ಇಟ್ಟು ಮುಚ್ಯಾರ್ರಿ.”

ಕಚ್ಚಿದ ಪೇಢೆಯನ್ನು ಮೇಜಿನ ಮೇಲಿಟ್ಟೆ. ರಕ್ತ, ಮೂತ್ರ ಎರಡೂ ತೆಗೆದೆ. ಬಾಟಲಿಗೆ ಮೂತ್ರ ಹಿಡಿಯಲು ಅವನಿಗೆ ಹೆಂಡತಿಯ ಸಹಾಯ ಬೇಕಾಯಿತು. ವಾರದ ನಂತರ ವರದಿ ಕೇಳಲು ಅವರು ಮತ್ತೆ ಬಂದು ಬೆಂಚಿನ ಮೇಲೆ ಕೂತಾಗ, ನಾನು ಒಳಗೆ ನಮ್ಮ ಲ್ಯಾಬಿನ ಡಾಕ್ಟರ್ ಶ್ರೀವಿದ್ಯಾ ಮೇಡಂ ಮುಂದೆ ನಿಂತಿದ್ದೆ. ಮೂತ್ರದಲ್ಲಿ ಔಷಧದ ಶೇಷ ಹಿಂದಿನದಕ್ಕಿಂತ ಐದು ಪಟ್ಟು. ಇದನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ. ರಕ್ತ, ಮೂರು ಸಾವಿರ.

“ಎರಡು ಸಾವಿರದ ಒಂಬೈನೂರರಿಂದ ಮೂರು ಸಾವಿರ. ಏರ್ತಾ ಇದೆಯಲ್ರೀ,” ಎಂದರು ಮೇಡಂ. “ಮೂತ್ರ ಬಿಡಿ, ಗೋದಾಮಿನ ಔಷಧ ಅಂಟಿದ ಕೈಯಲ್ಲೇ ಬಾಟಲಿ ಹಿಡಿದಿರ್ತಾನೆ.”

“ಮೇಡಂ, ಆ ಎರಡು ಸಾವಿರದ ಒಂಬೈನೂರು ಸುಳ್ಳು. ಒಂದೇ ತಿಂಗಳಲ್ಲಿ ಅವನದು ಹತ್ತಿರ ಹತ್ತಿರ ಎರಡು ಸಾವಿರ ಇಳಿದಿದೆ.”

ಬೇಸ್‌ಲೈನಿನ ಕಥೆಯನ್ನೂ ಹೇಳಿದೆ. ಅವರು ಪೆನ್ನಿನ ಟೊಪ್ಪಿ ಹಾಕಿದರು, ತೆಗೆದರು.

“ಮೊದಲನೇದು ಸುಳ್ಳು, ನಡುವಿನದು ಸುಳ್ಳು. ಇವತ್ತಿನದನ್ನ ನಾನು ಯಾವುದಕ್ಕೆ ಹೋಲಿಸಲಿ, ವಿನಾಯಕ್? ಇದು ಮಾತ್ರ ನಿಜ ಅಂತ ಯಾರು ನಂಬ್ತಾರೆ? ಒಂದು ಹರಿದು ಹಾಕಿದ್ರೆ ನಲವತ್ತು ಫೈಲೂ ಹೋಗತ್ತೆ. ಪದ್ಮನಾಭ ನಾಳೆ ರಕ್ತವನ್ನೇ ತೆಗೆಯದ ಲ್ಯಾಬಿಗೆ ಹೋಗ್ತಾನೆ.”

ಅವರು ನನ್ನ ಮುಖ ನೋಡದೆ ‘ಸುಧಾರಿಸುತ್ತಿದೆ’ ಎಂದು ಬರೆದು ಸಹಿ ಹಾಕಿದರು.

ಕಾಗದ ಹಿಡಿದು ಹೊರಗೆ ಬಂದೆ. “ಅಮರಯ್ಯ, ಆ ಗೋದಾಮು ಬಿಡಪಾ. ಇವತ್ತ ಬಿಡು, ಸಾಯ್ತಿ.”

ಅವನು ನಕ್ಕ. “ನೀವು ಎಲ್ಲಾ ದೊಡ್ಡದು ಮಾಡಿ ಹೇಳ್ತೀರಿ ಸಾಹೇಬ್ರ. ಡಾಕ್ಟರ್ ಬಾಯಾರು ಸುಧಾರಸೈತಿ ಅಂತ ಬರದಾರಂತಲ್ಲ, ಒಳಗಿನ ಕಾಂಪೌಂಡರ್ ಈಗರ ಬಂದು ಹೇಳಿ ಹೋದ.”

“ಹೋದ ತಿಂಗಳದ ಕಾಗದ ಸುಳ್ಳೋ! ನಾನ ಬರದದ್ದು.”

ಗಂಗೂಬಾಯಿ ಎದ್ದು ನಿಂತಳು. ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

“ಸುಳ್ಳಂದ್ರ? ಅಂದ್ರ ಆವಾಗ ರಕ್ತ ಛಲೋನ ಇತ್ತು? ಕುಡದಿದ್ದಿ ಹಂಗಾರ?”

ಅಮರಯ್ಯನ ನಗು ಅಲ್ಲೇ ಒಣಗಿತು. ಕೈಯೆರಡನ್ನೂ ತೊಡೆಯ ಕೆಳಗೆ ತುರುಕಿಕೊಂಡ. ಅವನ ಸಣ್ಣಗಾದ ಕಣ್ಣುಪಾಪೆ ನನ್ನ ಮೇಲೆ ನೆಟ್ಟಿತ್ತು. ಬೇಸ್‌ಲೈನು, ಶೇಕಡಾ, ಕಿಣ್ವ ಎಲ್ಲವನ್ನೂ ಬಿಡಿಸಿ ಹೇಳಲು ಬಾಯಿ ತೆರೆದೆ. ಅವಳಿಗೆ ಕೇಳಿದ್ದು ‘ಸುಳ್ಳು’ ಎಂಬ ಮಾತು ಒಂದೇ ಎಂದು ಅವಳ ದವಡೆ ಹೇಳುತ್ತಿತ್ತು.

“ಇಲ್ಲವ್ವಾ,” ಎಂದೆ. “ಚಾಷ್ಟಿ ಮಾಡ್ದೆ, ನಗಸಾಕ. ಕಾಗದ ಖರೇನ ಐತಿ.”

“ಇಂಥಾ ಚಾಷ್ಟಿ ಮಾಡಬ್ಯಾಡ್ರಿ ಸಾಹೇಬ್ರ,” ಎಂದು ಅವಳು ಕಾಗದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ರವಿಕೆಯಲ್ಲಿಟ್ಟುಕೊಂಡಳು. ಅಮರಯ್ಯ ನನಗೆ ಕೈ ಮುಗಿದ. ಮೆಟ್ಟಿಲಿಳಿಯುವಾಗ ಅವನಿಗೆ ಅಂಚು ಕಾಣಲಿಲ್ಲ. ಅವಳು ತೋಳು ಹಿಡಿದುಕೊಂಡು, ಎರಡು ಗಂಟೆಗೆ ಗೋದಾಮಿಗೆ ಹಾಜರಾಗಬೇಕೆಂದು ಅವಸರ ಮಾಡುತ್ತ ಕರೆದುಕೊಂಡು ಹೋದಳು.