ಜೋಗಮ್ಮ ಕಾಲುವೆ ದಾರಿ ಹಿಡಿದದ್ದು

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ತಾಲೂಕಿನಲ್ಲಿ ನನ್ನಷ್ಟು ಸಿಟ್ಟಿನ ಮನುಷ್ಯ ಹಿಂದೆ ಹುಟ್ಟಿಲ್ಲ. ಮುಂದೆ ಹುಟ್ಟಿದರೆ ನನ್ನ ಹೆಸರಿಡಿ: ಮಲ್ಲೇಶ. ಒಮ್ಮೆ ತುರ್ವಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೂಗಿದ್ದಕ್ಕೆ ಹಟ್ಟಿಯ ಗಣಿಯೊಳಗಿದ್ದವರು ಸುರಂಗ ಕುಸಿಯಿತೆಂದು ಮೇಲೆ ಓಡಿ ಬಂದಿದ್ದರು. ಸುಳ್ಳೆನಿಸಿದರೆ ಹೋಗಿ ಕೇಳಿ.

ಇಂಥ ನಾನು ಮಸ್ಕಿಯಿಂದ ಮನೆ ಅಳಿಯನಾಗಿ ಬಂದು ಸೇರಿದ್ದು ತುರ್ವಿಹಾಳದ ಆಚೆಯ ಒಂದು ಹಳ್ಳಿಗೆ. ಅತ್ತೆ ಜೋಗಮ್ಮ ವಿಧವೆ, ಹೆಂಡತಿ ಪಂಪಾವತಿ ಅವಳ ಒಬ್ಬಳೇ ಮಗಳು. ಊರಿನ ಸಾವಿಗೆಲ್ಲ ಹಲಗೆ ಬಾರಿಸುವುದು ನನ್ನ ಪಾಲಿಗೆ ಬಂದ ಕೆಲಸ. ನಾನು ಬಾರಿಸಿದರೆ ಹೆಣವೂ ಎದ್ದು ಕೂತು ಕೇಳಬೇಕು, ಹಾಗೆ. ಬಾರಿಸಿದ್ದಕ್ಕೆ ಸೆರೆ ಕುಡಿಸುತ್ತಿದ್ದರು. ನಾನು ಕುಡಿದದ್ದನ್ನು ಹೊಲಕ್ಕೆ ಹರಿಬಿಟ್ಟಿದ್ದರೆ ಇಪ್ಪತ್ತು ಎಕರೆ ಭತ್ತ ಬೆಳೆಯುತ್ತಿತ್ತು.

ಒಂದು ಸಂಜೆ ಕುಡಿದು ಬಂದು ಪಂಪಾವತಿಯ ಮಣಿಕಟ್ಟು ಮುರಿದೆ. ಇದನ್ನು ಮಾತ್ರ ಹೆಚ್ಚು ಮಾಡಿ ಹೇಳುತ್ತಿಲ್ಲ. ಕಡಿಮೆಯೂ ಮಾಡುತ್ತಿಲ್ಲ.

ಮರುದಿನ ಭಾನುವಾರ. ಜೋಗಮ್ಮ ಆಗಲೇ ಸಿಂಧನೂರಿನ ಒಂದು ಪ್ರಾರ್ಥನೆ ಮನೆಗೆ ಹೋಗುತ್ತಿದ್ದಳು. ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಬ್ಬಿಸಿದಳು.

"ನಡಿಲೇ ಮಲ್ಲ್ಯಾ. ನಿನ್ನ ಪೊಲೀಸರಿಗೆ ಕೊಡ್ಬೇಕಿತ್ತು. ಆದ್ರ ಅವ್ರು ಮೂರು ದಿನಕ್ಕ ಬಿಟ್ಟಾರು. ಯೇಸಪ್ಪ ಬಿಡಂಗಿಲ್ಲ."

"ನಾ ಬರಂಗಿಲ್ಲ."

"ಬರ್ತಿಯೋ, ಒನಕಿ ತರ್ಲೋ?"

ಹೋದೆ. ಪಾಸ್ಟರ್ ಲಕ್ಷ್ಮಣಪ್ಪ ಏನೇನೋ ಹೇಳಿದರು. ನನ್ನ ತಲೆಗೆ ಇಳಿದದ್ದು ಒಂದೇ: ದೇವರ ಮಗನನ್ನೂ ಊರ ಹೊರಗೆ ಒಯ್ದು ಕೊಂದರಂತೆ. ಊರ ಹೊರಗಿನವನಾದರೆ ನಮ್ಮವನೇ ಅಂದುಕೊಂಡೆ. ಸೆರೆ ಬಿಡಲು ಮೂರು ವರ್ಷ ಹಿಡಿಯಿತು. ನಡುವೆ ಎರಡು ಸಲ ಬಿದ್ದೆ, ಎರಡೂ ಸಲ ಜೋಗಮ್ಮನೇ ಚರಂಡಿಯಿಂದ ಎಳೆದು ತಂದು, ಬೈದು, ತಲೆಗೆ ನೀರು ಹಾಕಿ, ಪಕ್ಕದಲ್ಲಿ ಮೊಣಕಾಲೂರಿದಳು. ಪಂಪಾವತಿಯ ಮೇಲೆ ನನ್ನ ಕೈ ಮತ್ತೆ ಏಳಲಿಲ್ಲ. ಹಲಗೆಯನ್ನೂ ಬಿಟ್ಟೆ. ಆಗ ಊರಿಗೆ ಸಿಟ್ಟು ಬಂತು. ನಾನು ಹೆಂಡತಿಯ ಕೈ ಮುರಿದಾಗ ಯಾರಿಗೂ ಬರದಿದ್ದ ಸಿಟ್ಟು!

ಈ ವರ್ಷ ನಾಟಿ ಸಮಯದಲ್ಲಿ ಒಂದು ಬೆಳಿಗ್ಗೆ ಜೋಗಮ್ಮ ತೀರಿಕೊಂಡಳು. ವಯಸ್ಸು ಎಂಬತ್ತು, ನನ್ನ ಲೆಕ್ಕದಲ್ಲಿ ನೂರಾ ಮೂವತ್ತು. ಗಂಡ ನರಸಣ್ಣನ ಪಕ್ಕದಲ್ಲೇ ಮಣ್ಣು ಮಾಡಿ, ತಲೆಯ ಹತ್ತಿರ ಶಿಲುಬೆ ನೆಡಬೇಕು ಎಂದಿದ್ದಳು. ಅವಳು ಬೇರೇನನ್ನೂ ಕೇಳಿದವಳಲ್ಲ. ನಮ್ಮ ಮಣ್ಣಿನ ಜಾಗ ಇರುವುದು ಸೂಗಪ್ಪ ಸಾಹುಕಾರನ ಗದ್ದೆಯಾಚೆ. ತಲೆತಲಾಂತರದಿಂದ ಅವನ ಬದುವೇ ದಾರಿ.

ಪೆಟ್ಟಿಗೆಯ ಮೇಲೆ ಶಿಲುಬೆ, ಗುದ್ದಲಿ ಕಟ್ಟಿ ಹೊತ್ತು ಹೋದರೆ ಬದುವಿಗೆ ಅಡ್ಡ ಟ್ರ್ಯಾಕ್ಟರ್. ಮುಂದೆ ಸೂಗಪ್ಪ, ಟ್ರ್ಯಾಕ್ಟರಿನ ಮೇಲೆ ಮಗ ಚನ್ನವೀರ.

"ಆ ಶಿಲುಬಿ ಹಿಡ್ಕೊಂಡು ನನ್ನ ಬದುವಿನ ಮ್ಯಾಲೆ ಹೋಗಂಗಿಲ್ಲ," ಎಂದ ಸೂಗಪ್ಪ. "ಅದನ್ನ ಒಗಿ. ಹಲಗಿ ತಗೊಂಡು ಬಾರಿಸ್ಕೋಂತ ಮುಂದ ನಡಿ, ಹಿಂದಿನಂಗ. ದಾರಿ ಬಿಡ್ತೀನಿ."

"ನಿಮ್ಮಪ್ಪ ಸತ್ತಾಗ ಎರಡು ದಿನ ಬಾರಿಸೀನ್ರೀ. ಕೈ ಬಾತಿದ್ವು."

"ಅದನ್ನ ನಾನೂ ಅನ್ನಾಕತ್ತೀನಿ. ನಿಮ್ಮತ್ತಿಗಿ ಬಾರಿಸಾಕ ಏನು ರೋಗ?"

ಚನ್ನವೀರ ನಕ್ಕ. "ಇವರ ದೇವರು ನೀರಿನ ಮ್ಯಾಲೆ ನಡೀತಾನಂತಪ್ಪ. ಮುದುಕೀನೂ ನಡಸ್ಲಿ ಬಿಡು."

ಪೆಟ್ಟಿಗೆ ಇಳಿಸಿ ಗುದ್ದಲಿ ಎತ್ತಿದೆ. ಅದರ ತುದಿ ಮೋಡಕ್ಕೆ ತಾಗಿತ್ತು. ಸೂಗಪ್ಪನ ತಲೆ ಎರಡು ಹೋಳಾಗಲು ರೆಪ್ಪೆ ಬಡಿಯುವಷ್ಟು ಹೊತ್ತು ಸಾಕಿತ್ತು. ಪಂಪಾವತಿ ಸೊಟ್ಟಗಾದ ಕೈಯಿಂದಲೇ ನನ್ನ ರಟ್ಟೆ ಹಿಡಿದಳು.

"ಇಳಸು ಅದನ್ನ. ನೀ ಜೇಲಿಗಿ ಹೋದ್ರ ಅವ್ವನ್ನ ಯಾರು ಹೊರ್ತಾರ?"

ಇಳಿಸಿದೆ. ಕ್ಷಮೆ ಗಿಮೆ ಏನಿಲ್ಲ, ನನ್ನೊಳಗೆ ಕೆಂಡ ಉರಿಯುತ್ತಿತ್ತು. ಆದರೆ ಅಷ್ಟು ವರ್ಷದಲ್ಲಿ ಮೊದಲ ಸಲ ಉರಿ ಕೈಗೆ ಹೋಗದೆ ಕಾಲಿಗೆ ಹೋಯಿತು. ಬದುವಿನ ಮಗ್ಗುಲಲ್ಲೇ ಸರಕಾರದ ಕಾಲುವೆ ಮಣ್ಣಿನ ಜಾಗದವರೆಗೂ ತುಂಬಿ ಹರಿಯುತ್ತಿತ್ತು.

"ಚನ್ನವೀರ, ಛಲೋ ಹೇಳಿದಿ ನೋಡು. ಕಾಲುವಿ ನಿಮ್ಮಪ್ಪಂದಲ್ಲ," ಎಂದು ಇಳಿದೇಬಿಟ್ಟೆ.

ಮುಂದೆ ನಾನು ಮತ್ತು ಪಾಸ್ಟರ್, ಹಿಂದೆ ಪಂಪಾವತಿ ಮತ್ತು ನೆರೆಮನೆಯ ಜಂಬಣ್ಣ. ನೀರು ನನ್ನ ಗಂಟಲ ಮಟ್ಟ. ಪಂಪಾವತಿಯನ್ನು ಕೇಳಿದರೆ ಸೊಂಟದ ಮಟ್ಟ ಅನ್ನುತ್ತಾಳೆ, ಅವಳಿಗೆ ಕಥೆ ಹೇಳಲು ಬರುವುದಿಲ್ಲ. ಅರ್ಧ ದಾರಿಯಲ್ಲಿ ಜಂಬಣ್ಣನ ಕಾಲು ಜಾರಿ ಪೆಟ್ಟಿಗೆ ವಾಲಿತು.

ಸೂಗಪ್ಪನ ಗದ್ದೆಯಲ್ಲಿ ಸಕೀನಾಬೀಯ ತಂಡದ ಹೆಂಗಸರು ಭತ್ತ ನಾಟಿ ಮಾಡುತ್ತಿದ್ದರು. ಸಕೀನಾಬೀ ಸಸಿಯ ಕಟ್ಟನ್ನು ಕೆಸರಿಗೆ ಎಸೆದು ನೆಟ್ಟಗೆ ನಿಂತಳು.

"ಸಾವ್ಕಾರ್ರೇ! ಜೋಗಮ್ಮ ಮೂವತ್ತು ವರ್ಸ ಇದಾ ಗದ್ಯಾಗ ಬಗ್ಗಿ ನಾಟಿ ಹಚ್ಯಾಳ. ಉಳದಿದ್ದು ನೀವಾ ಹಚ್ಚಿಕೊಳ್ರಿ!"

ಸೀರೆ ಎತ್ತಿ ಕಟ್ಟಿ ಕಾಲುವೆಗೆ ಧುಮುಕಿದಳು. ಹಿಂದೆ ಐನೂರು ಹೆಂಗಸರು, ಸರಿ, ಹನ್ನೊಂದು ಮಂದಿ. ಪೆಟ್ಟಿಗೆ ನೆಟ್ಟಗಾಯಿತು. ಸೂಗಪ್ಪ ಕೂಗುತ್ತಲೇ ಇದ್ದ, ಯಾರೂ ತಿರುಗಲಿಲ್ಲ.

ನರಸಣ್ಣನ ಪಕ್ಕದಲ್ಲಿ ಗುಂಡಿ ತೋಡಿ ಜೋಗಮ್ಮನನ್ನು ಇಳಿಸಿ, ತಲೆಯ ಹತ್ತಿರ ಶಿಲುಬೆ ನೆಟ್ಟೆವು. ಎಲ್ಲರ ಬಟ್ಟೆಯಿಂದ ನೀರು ಸೋರುತ್ತಿತ್ತು. ಪಾಸ್ಟರ್ ನನ್ನ ಕಡೆ ನೋಡಿದರು. "ಮಲ್ಲೇಶ, ವೈರಿಗಳಿಗಾಗಿ ನೀನಾ ಪ್ರಾರ್ಥನೆ ಮಾಡಪ್ಪ."

ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ.

"ಸ್ವಾಮಿ, ಸೂಗಪ್ಪನ್ನ ಕ್ಷಮಿಸು ಅಂತ ನೀ ಹೇಳಾಕತ್ತಿ, ಕೇಳಸೈತಿ. ಇವತ್ತು ನನ್ನ ಕೈಲಿ ಆಗಂಗಿಲ್ಲ. ಅವನ್ನ ಹೊಡೀದಂಗ ತಡದಿ, ಅಷ್ಟಕ್ಕ ಸ್ತೋತ್ರ. ನಾಳೆ ಬಂದು ಮತ್ತ ಕೇಳು."

"ಆಮೆನ್" ಎಂದವಳು ಪಂಪಾವತಿ. ನಾನು ಗುದ್ದಲಿ ತೆಗೆದುಕೊಂಡು ಮಣ್ಣು ಎಳೆಯತೊಡಗಿದೆ.